ಕತ್ತಿಗೂ ತಲೆದಿಂಬು

ಮ್ಯೂಸಿಯಮ್ಮಿನ ಹುಡುಗ ಜೋರಾಪುರ ಪೇಟಿಗೆ ಬಂದು
ನನ್ನ ಕಟ್ಟಿ ಮುಂದ ಸೈಕಲ್ ನಿಲ್ಲಿಸಿ ಹೇಳಿದ:
ದಾವಲಬಿ ಆಯಿ, ಆದಿಲಶಾಹಿ ಪ್ರದರ್ಶನ ಐತಿ,
ಮೂವತ್ತೊಂದು ತಲೆದಿಂಬು ಬೇಕು. ಸಣ್ಣವು.
ಯಾವ ಕೂಸಿಗಪಾ ಅಷ್ಟೊಂದು, ಅಂದೆ.
ಕತ್ತಿಗೆ, ಅಂದ. ನಾಣ್ಯಕ್ಕ. ಒಡೆದ ಚೀನಿ ತಾಟಿಗೆ.

ನಾವು ನದಾಫರು. ಅರಳಿ ಹಿಂಜೋ ಮಂದಿ.
ಅಪ್ಪನ ಬಿಲ್ಲಿನ ಠಂವ್ ಠಂವ್ ದನಿಗೆ
ಓಣಿ ಗುಬ್ಬಿ ಸೈತ ಹೆದರೂದು ಬಿಟ್ಟಿದ್ದವು.
ಮದಲಗಿತ್ತಿ ಹಾಸಿಗಿ, ಬಾಣಂತಿ ದಿಂಬು,
ಸತ್ತವರ ಗಾದಿ ಬಿಚ್ಚಿ, ಬಿಸಲಿಗೆ ಒಣಗಿಸಿ,
ಮತ್ತ ಹಿಂಜಿ, ಇದ್ದವರಿಗೆ ಹೊಸಾ ಗಾದಿ –
ಎಲ್ಲಾ ಹೊಲಿದೀನಿ.
ಬಾದಶಾನ ಮನಿತನಕ್ಕ ಹಾಸಿಗಿ ಹಾಸೂದು ಇದೇ ಮದಲು.

ಅಳತಿಗೆ ಕರೆದರು. ನಗಾರಖಾನೆ ಮ್ಯಾಲಿನ ಖೋಲಿ.
ಕಿಡಕಿ ತುಂಬ ಗುಮ್ಮಟ;
ಅದರ ಮುಂದ ನನ್ನ ಟೇಪು ಬಿಚ್ಚಾಕ ನಾಚಿಕಿ ಬಂತು.
ಕತ್ತಿ: ಎರಡು ಮಳ, ನಾಕು ಬೆರಳು.
ಹಿಡಕಿ ಕೂಡಾಕ ತಗ್ಗು ಬಿಡಬೇಕು,
ಇಲ್ಲಾಂದ್ರ ಕುತ್ತಿಗಿ ನೋಯತೈತಿ –
ಯಾರ ಕುತ್ತಿಗಿ ಅಂತ ಕೇಳಬ್ಯಾಡ್ರಿ.
ನಾಣ್ಯ ಒಂದು ದುಂಡಗ ಇಲ್ಲ, ಹೆರಪಿನ್ನಿನಂಗ ಬಾಗಿದ ಬೆಳ್ಳಿ ತಂತಿ;
ಇದಕ್ಕ ಲಾರಿ ಅಂತಾರ ಅಂದ ಹುಡುಗ.
ನಾ ಕಂಡ ಲಾರಿ ಎಲ್ಲಾ ಸೊಲ್ಲಾಪುರ ರೋಡಿನ್ಯಾಗ.
ತಾಟು: ವಿಷ ಬಿದ್ದರ ತಾನ ಸಿಡೀತಿತ್ತಂತ.
ಈಗ ಸಿಡಿದೇ ಐತಿ. ವಿಷವೋ,
ಮುಸುರಿ ತಿಕ್ಕಾಕಿ ಕೈ ಜಾರಿತ್ತೋ
ಯಾವನೂ ಬರೆದಿಟ್ಟಿಲ್ಲ.

ಕಡೀಕ ಒಂದು ಹಿತ್ತಾಳಿ ಬಳಿ, ಉಗುರಿನಷ್ಟ ಎತ್ತರ.
ಕೋಟಿ ಖಂದಕದ ಮಣ್ಣಾಗ ಸಿಕ್ಕದ್ದು.
ಚೀಟಿ ಓದಿಸಿದೆ:
"ಉಂಗುರ. ಹರಳು ಕಳಚಿದೆ. ಅರಮನೆಯ ಸ್ತ್ರೀಯರದ್ದಿರಬಹುದು."
ಮೈತುಂಬ ಸಣ್ಣ ಸಣ್ಣ ತಗ್ಗು,
ಸಿಡುಬು ಹಾದು ಹೋದ ಮಾರಿ.

ಹುಡುಗ ಚಾ ತರಾಕ ಹೋಗಿದ್ದ.
ಬಿಳಿ ಕೈಚೀಲ ಕಳದು
ನಡುಬೆರಳಿಗೆ ಇಟ್ಟುಕೊಂಡೆ.
ಕುಂತಿತು.
ಬಲಮಗ್ಗಲು ಹೆಚ್ಚು ಸವದಿತ್ತು,
ನಂದೂ ಹಂಗ.

ಸಾಹೇಬರ, ಇದು ಉಂಗುರ ಅಲ್ಲ, ಅಂಗುಸ್ತಾನ.
ಗಾದಿ ಹೊಲಿಯೋರು ದಬ್ಬಣದ ಹಿಂದ ಒತ್ತು ಕೊಡೂದು.
ಹರಳು ಇರಲೇ ಇಲ್ಲ; ಮದಲಿಂದ ತೆರೆದ ಬಾಯಿ.
ಸಾಹೇಬರು ಚಸ್ಮಾ ತಗದು ಒರಸಿಕೊಂಡರು. ಛಲೋ ಮನಷ್ಯಾ.
ಇರಬಹುದು ಆಯಿ, ಆದರ ದಾಖಲೆ ಬೇಕಲ್ಲ, ಅಂದರು.
ಬೆರಳು ತೋರಿಸಿದೆ.
ಬೆರಳನ್ನ ಫೈಲಿಗೆ ಹಚ್ಚಾಕ ಬರೂದಿಲ್ಲ.

ಉದ್ಘಾಟನಿ ದಿನ ನಗಾರಿ ಬದಲು ಮೈಕು ಬಡಕೊಂಡಿತು.
ಇನ್ನೂರು ವರಷದ ದೌಲತ್ತು
ನನ್ನ ಆರು ಮೀಟರ್ ಮಖಮಲ್ಲಿನ ಮ್ಯಾಲ ಮಲಗಿತ್ತು.
ಸಾಲಿ ಹುಡುಗರು ಕತ್ತಿ ಮುಂದ ಗುಂಪು,
ಗಾಜಿಗೆ ಮೂಗಿನ ಮುದ್ರಿ.
ಬಿಲ್ಲು ಕೊಡಾಯಿ, ಅಂದ ಗುಮಾಸ್ತ.
ಅಪ್ಪನ ಬಿಲ್ಲು ಅಟ್ಟದ ಮ್ಯಾಲೈತಿ, ಹಗ್ಗ ಹರದೈತಿ,
ಅದನ್ನೂ ಇಲ್ಲಿ ಮಲಗಸ್ತೀರೇನು, ಅಂದೆ.
ಅಲ್ಲಾಯಿ, ರೊಕ್ಕದ ಬಿಲ್ಲು.

ಮೂಲ್ಯಾಗಿನ ಗಾಜಿನ ಪೆಟ್ಟಿಗಿ. ಚೀಟಿ ಹಂಗ ಇತ್ತು: ಉಂಗುರ.
ಯಾರೂ ನಿಂದರಲಿಲ್ಲ.
ಅದರ ದಿಂಬಿಗೆ ಮಾತ್ರ
ಅಂಗಡಿ ಸ್ಪಂಜು ತುಂಬಿಲ್ಲ ನಾ, ಹಿಂಜಿದ ಅರಳಿ ತುಂಬೀನಿ,
ಕಡೀ ಹೊಲಿಗಿ ಹಾಕಿ ದಾರ ಕಡದಿಲ್ಲ,
ಸೂಜಿ ಅದರಾಗ ಚುಚ್ಚಿಟ್ಟೀನಿ, ಮಖಮಲ್ಲಿನ ಕೆಳಗ, ಕಾಣದಂಗ.

ಆಕಿ ಎದ್ದರ
ಕೈಗೆ ಸಿಗಬೇಕಲ್ಲ.