ಗುಗ್ಗೆ

ಬಲದಿಯಾ ಆಫೀಸಿನಿಂದ ಫೋನು ಬಂದಾಗ ನಾನು
ದುಕ್ಮ್ ರಸ್ತೆಯ ಮರಳು ಬಾಚುತ್ತಿದ್ದೆ.
ರಾತ್ರಿಯೆಲ್ಲ ಗಾಳಿ ತಂದು ಸುರಿದದ್ದನ್ನು
ಹಗಲೆಲ್ಲ ವಾಪಸು ಕಳಿಸುವುದು, ಇದೇ ನೌಕರಿ.
'ಲಕ್ಬಿಗೆ ಹೋಗು. ದಡದಲ್ಲೊಂದು ಮೀನು ಸತ್ತಿದೆ, ಹೂಳಬೇಕು.'
ಮೀನಿಗೆ ಜೆಸಿಬಿ ಯಾಕೆಂದು ನಗಾಡಿದೆ.
ನಾಲ್ಕು ಮೈಲಿ ಇರುವಾಗಲೇ ವಾಸನೆ ಎದುರು ಬಂದು
ಆ ನಗು ಒರೆಸಿತು.

ಮೊಳಕಾಲ್ಮೂರಿನ ಕಡೆಯವನು; ಕಡಲನ್ನು ಮೊದಲು ಕಂಡದ್ದೇ
ವಿಮಾನದ ಕಿಟಕಿಯಲ್ಲಿ. ಇಂಥದ್ದನ್ನು ಕಂಡಿರಲಿಲ್ಲ.
ಮಗ್ಗುಲಾದ ಬಸ್ಸಿನ ಹಾಗೆ ಬಿದ್ದಿತ್ತು.
ಗಂಟಲ ಕೆಳಗೆ ಉದ್ದಕ್ಕೂ ನೇಗಿಲು ಹೊಡೆದ ಗೆರೆ,
ಅಪ್ಪ ನೋಡಿದ್ದರೆ ಸಾಲು ನೆಟ್ಟಗಿದೆ ಎನ್ನುತ್ತಿದ್ದ.

ಬಕೆಟ್ ಎತ್ತಿದೆ. ಅಡ್ಡ ಬಂದಳು ಡಾಕ್ಟರ್ ಸುಆದ್,
ಅಬಾಯದ ಮೇಲೆ ರಬ್ಬರಿನ ಏಪ್ರನ್ನು, ಕೈಯಲ್ಲಿ ಕಟುಕರ ಚೂರಿ.
ಕಿವಿ ಬೇಕಂತೆ.
ಎರಡು ತಾಸು ಹುಡುಕಿದಳು. ಗುಡ್ಡದಂಥ ತಲೆಗೆ
ಪೆನ್ಸಿಲು ತೂರುವಷ್ಟು ತೂತು.
ಕೊನೆಗೆ ಎಳೆದದ್ದು ಗೇಣುದ್ದದ ಮೇಣ, ಕಂದು, ಗಬ್ಬು.
ಅರಬ್ಬಿ, ಹಿಂದಿ, ಕೈಸನ್ನೆ ಬೆರೆಸಿ ಬಿಡಿಸಿ ಹೇಳಿದಳು;
ನಮ್ಮಲ್ಲಿ ಅದಕ್ಕೆ ಒಂದೇ ಮಾತು: ಗುಗ್ಗೆ.

ಹುಟ್ಟಿದಂದಿನಿಂದ ಪದರ ಪದರ ಕೂತದ್ದು.
ಎಣಿಸಿದರೆ ವಯಸ್ಸು ಸಿಗುತ್ತದಂತೆ,
ಹೆದರಿದ ವರ್ಷದ ಪದರಲ್ಲಿ ಹೆದರಿಕೆಯೂ.
ಎಣ್ಣೆ ಹುಡುಕಲು ಕಡಲ ತಳಕ್ಕೆ ಹೊಡೆಯುವ ಗಾಳಿಗುಂಡು,
ಯಾರದೋ ಯುದ್ಧದ ಹಡಗು.
'ಕೇಳಿಸಿಕೊಂಡದ್ದು ಇದು,' ಅಂದಳು. 'ಹಾಡಿದ್ದು ಇಲ್ಲಿದೆ.'
ಮೊಬೈಲು ಕೊಟ್ಟಳು. ಇವನದೋ ಇವನ ಪಕ್ಕದವನದೋ.

ನನ್ನ ಎಡಗಿವಿ ಸತ್ತು ಆರು ವರ್ಷ. ಬಲಕ್ಕೆ ಹಿಡಿದೆ.
ಮೊದಲು ಏನೂ ಇಲ್ಲ. ಆಮೇಲೆ
ಬಾಗಿಲು, ತುಂಬ ದೊಡ್ಡ ಬಾಗಿಲು, ಪೂರ್ತಿ ತೆರೆಯಲಾರದೆ.
ಆಮೇಲೆ ಕರು. ಆಮೇಲೆ ಯಾವುದೂ ಅಲ್ಲ.
ಹೆಲ್ಪರ್ ಮೊಕ್ಲೇಸ್ ಕಸಿದುಕೊಂಡು ಕೇಳಿ, ಅಳುತ್ತಿದೆ, ಅಂದ.
ಮೀನುಗಾರ ಮುಸಲ್ಲಮ್ ಮುದುಕ ಮುಟ್ಟಲೇ ಇಲ್ಲ:
'ದೋಣಿಯ ತಳಕ್ಕೆ ಬೆನ್ನು ಹಚ್ಚಿ ಮಲಗಿ ಬೆಳೆದವನು.
ನನಗೆ ಫೋನಿನಲ್ಲಿ ಕೇಳಿಸುತ್ತೀಯಾ?'

ಅರ್ಥವೇನು ಡಾಕ್ಟರ್?
ಅವಳು ಕೈಗವಸು ಕಳಚಿದಳು.
ಗಂಡು ಹಾಡುತ್ತದೆ. ಯಾರಿಗೆಂದು ಗೊತ್ತಿಲ್ಲ.
ಬೇರೆ ಕಡಲಿನವು ಚಳಿ ಹುಡುಕಿ ದೂರ ಹೋಗುತ್ತವೆ,
ಇವು ಇಲ್ಲೇ. ನೂರು ಉಳಿದಿದ್ದರೆ ಹೆಚ್ಚು.
ಊರು ಬಿಡದ ಜಾತಿ!
ಮೊಕ್ಲೇಸ್ ನನ್ನ ಮುಖ ನೋಡಿದ, ನಾನು ಅವನದು.

ಗುಂಡಿ ತೋಡಿದ ಮೇಲೆ ಅವನೇ ಕೇಳಿದ, ತಲೆ ಯಾವ ಕಡೆ?
ಯಾರೂ ನಗಲಿಲ್ಲ. ಮುಸಲ್ಲಮ್ ಬಹಳ ಹೊತ್ತು ಯೋಚಿಸಿ
ನೀರಿನ ಕಡೆ ಕೈ ತೋರಿಸಿದ.

ಅಂಚಿಗೆ ನಿಂತಾಗ ನೆನಪಾದದ್ದು ಹಗೇವು.
ಏಳು ವರ್ಷದ ನನ್ನನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು, ರಾಗಿ ಮೊಗೆಯಲು.
ಮೊದಲು ದೀಪ; ಅದು ಆರದಿದ್ದರೆ ನಾನು.
ಮೇಲೆ ದೊಡ್ಡವ್ವ ಹಗೇವಿನ ಬಾಯಿಗೆ ಬಾಯಿಟ್ಟು
ಕೂಗುತ್ತಲೇ ಇರುವಳು. ನನ್ನ ತನಕ ಇಳಿಯುವಷ್ಟರಲ್ಲಿ
ಮಾತು ಕರಗಿ ಬರೀ ದನಿ,
ಹೆಸರೋ, ಬೈಗುಳವೋ.
ನಾನು ಹೂಂ ಅನ್ನುತ್ತಿರಬೇಕು.
ಹೂಂ ನಿಂತರೆ ಹಗ್ಗ ಎಳೆಯುತ್ತಾರೆ.

ಡಾಕ್ಟರಿಗೆ ಹೇಳಬೇಕೆನಿಸಿತು.
ಹಗೇವಿಗೆ ಹಿಂದಿಯಲ್ಲಿ ಏನನ್ನುತ್ತಾರೋ.
ಸುಮ್ಮನೆ ಮರಳು ಎಳೆದೆ.

ರಾತ್ರಿ ಕ್ಯಾಂಪಿನಲ್ಲಿ ಕಿವಿಗೆ ಕಡ್ಡಿ ಹಾಕಿ ತಿರುವಿದೆ.
ಶಾರ್ಜಾದ ಡ್ರಿಲ್ಲು, ಸೊಹಾರಿನ ಕ್ರಷರು, ಹತ್ತೊಂಬತ್ತು ವರ್ಷ,
ಎಲ್ಲ ಸೇರಿ ಸಾಸಿವೆಯಷ್ಟು.
ಒರೆಸಲು ಮನಸ್ಸಾಗದೆ ಕಿಟಕಿಯ ಮೇಲಿಟ್ಟೆ.
ಎಸಿ ಗೊರಗುಡುತ್ತಿತ್ತು. ಮೇಲಿನ ಮಂಚದಿಂದ
ಮೊಕ್ಲೇಸ್ ಕತ್ತಲಲ್ಲಿ ಏನೋ ಕೇಳಿದ, ಅವನ ಬಂಗಾಳಿಯಲ್ಲಿ.
ನನಗೆ ಮುಟ್ಟಿದ್ದು ದನಿ ಮಾತ್ರ.
ಹೂಂ, ಅಂದೆ.