ಎಡಗಡೆಯ ಬೆಳಕು

ಶೈಲಿ ಯಾವುದು ಎಂದು ಕೇಳುತ್ತೀರಿ,
ಹೆಲ್ಸಿಂಕಿಯ ಮ್ಯೂಸಿಯಮ್ಮಿನಿಂದ ಇಷ್ಟು ದೂರ ಬಂದು.
ನನಗೇನು ಗೊತ್ತಪ್ಪ. ನಾನು ಗೆರೆ ತಿದ್ದುವವಳು,
ಅವರು ಪೆನ್ಸಿಲಿನಲ್ಲಿ ಎಳೆದದ್ದರ ಮೇಲೆ
ಗಂಜಿ ಹಾಕಿದ ಬಟ್ಟೆ ಹರಡಿ,
ಸೀಮೆಸುಣ್ಣದ ಪುಡಿ ಉಜ್ಜಿ,
ಶಾಯಿಯಲ್ಲಿ ನಕಲೆತ್ತುವವಳು. ತಿಂಗಳಿಗೆ ಅರವತ್ತು ಮಾರ್ಕು.

ಯಾಲ್ಮರ್ ಸ್ಟೆನ್‌ರೂಸ್, ನಗರಸಭೆಯ ವಾಸ್ತುಶಿಲ್ಪಿ.
ಹಿತ್ತಾಳೆಯ ಫಲಕದಲ್ಲಿ ಹಾಗಿತ್ತು. ಕಟ್ಟಿಸಿದ್ದು:
ಬೆಂಕಿ ಆರಿಸುವವರ ಠಾಣೆ,
ಒದ್ದೆ ಕೊಳವೆ ಒಣಹಾಕಲು ಅದಕ್ಕೊಂದು ಗೋಪುರ,
ಮೀನುಪೇಟೆಯ ಮಾಡು, ಸ್ನಾನದ ಮನೆ, ಶವಾಗಾರ,
ಮತ್ತೆ ಸೇತುವೆಯ ಬುಡದಲ್ಲಿ ಗಂಡಸರ ಮೂತ್ರಖಾನೆ.
ಅದಕ್ಕೂ ಹನ್ನೊಂದು ನಕ್ಷೆ.
‘ಊರು ದಿನಾ ಮುಟ್ಟುವುದು ಇಂಥದ್ದನ್ನೇ, ತ್ಯೂನೆ,
ಚರ್ಚನ್ನು ವಾರಕ್ಕೊಮ್ಮೆ.’

ಶಾಲೆಯ ಮೆಟ್ಟಿಲಿಗೆ ಎತ್ತರ ಗೊತ್ತುಮಾಡಲು
ಕಚೇರಿ ಗುಡಿಸುವವಳ ಮಗಳನ್ನು ಕರೆದು
ಕಂದಾಯದ ಲೆಕ್ಕಪುಸ್ತಕ ಒಟ್ಟಿ ಹತ್ತಿಸಿದರು.
ಎರಡಕ್ಕೆ ಹುಡುಗಿ ನಕ್ಕಳು, ಮೂರಕ್ಕೆ ಮೊಣಕಾಲು ಹಿಡಿದಳು.
ಎರಡೂವರೆ, ಎಂದು ಬರೆದುಕೊಂಡರು.
ಆ ಮೆಟ್ಟಿಲಲ್ಲಿ ಇವತ್ತಿಗೂ ಯಾರೂ ಎಡವಿದ್ದಿಲ್ಲ.
ಅದು ಯಾವ ಶೈಲಿಯೋ ನೀವೇ ಹೇಳಿ.

ಚಳಿಗಾಲದಲ್ಲಿ ನಮಗೆ ಹಗಲೆಂದರೆ ಐದಾರು ಗಂಟೆ.
ಅಷ್ಟನ್ನೇ ಗಿರಣಿಯವರ ಮಕ್ಕಳಿಗೆ
ತುಳುಕದ ಹಾಗೆ ಬಡಿಸಬೇಕು.
ಬೆಂಚುಗಳೆಲ್ಲ ಪಡುವಣಕ್ಕೆ ಮುಖ,
ಆಳೆತ್ತರದ ಕಿಟಕಿ ತೆಂಕಣಕ್ಕೆ,
ಬೆಳಕು ಎಡಗಡೆಯಿಂದಲೇ ಬರಬೇಕು,
ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು.

ನನ್ನ ತಮ್ಮ ವಿಲ್ಯೋ ಎಡಚ.
ಶಾಲೆ ತೆರೆದ ದಿನ ಅವರನ್ನೇ ಅಡ್ಡಹಾಕಿ ಕೇಳಿದ:
‘ನನ್ನ ನೆರಳಿಗೇನು ಮಾಡಿದಿರಿ?’
ಹನ್ನೊಂದು ವರ್ಷದ ಹುಡುಗನ ಮುಂದೆ
ಅವರು ಟೊಪ್ಪಿ ತೆಗೆದರು.
‘ಮರೆತೆ’ ಎಂದರು.

ರದ್ದಾದ ನಕ್ಷೆ ನಮ್ಮಂಥ ಹುಡುಗಿಯರ ಪಾಲು.
ಸೋಡಾ ಹಾಕಿ ಕುದಿಸಿದರೆ ಗಂಜಿ ಬಿಟ್ಟು
ಒಳ್ಳೆಯ ಹತ್ತಿಬಟ್ಟೆ, ಅಂಗಡಿಯಲ್ಲಿ ಸಿಗದಂಥದ್ದು.
ವಿಲ್ಯೋ ದೊಡ್ಡವನಾದ ಮೇಲೆ ಅಂಗಿ ಹೊಲಿದೆ.
ಶಾಯಿ ಪೂರ್ತಿ ಹೋಗಲಿಲ್ಲ. ಬೆನ್ನ ಮೇಲೆ
ಕಣ್ಣಿಟ್ಟು ನೋಡಿದರೆ
ಶಾಲೆಯ ಮೆಟ್ಟಿಲು.

ಹದಿನೆಂಟನೇ ಇಸವಿಯ ವಸಂತ ನಿಮಗೆ ಪುಸ್ತಕದಲ್ಲಿ ಸಿಗುತ್ತದೆ.
ಕೆಂಪಿನವರು ಸೋತರು. ಶಾಲೆ ಸೆರೆಮನೆಯಾಯಿತು.
ಹತ್ತಿದ ಮೆಟ್ಟಿಲನ್ನೇ ವಿಲ್ಯೋ ಮತ್ತೆ ಹತ್ತಿದ,
ಅದೇ ಅಂಗಿಯಲ್ಲಿ.
ನಗರಸಭೆಗೆ ಚೀಟಿ ಬಂತು:
ಕೆಳಗಿನ ಕಿಟಕಿಗಳನ್ನು ಕಟ್ಟಿ ಮುಚ್ಚಿ, ಇಟ್ಟಿಗೆಯ ಲೆಕ್ಕ ಕೊಡಿ.

ಅವರು ಎಳೆದರು. ನಾನು ನಕಲೆತ್ತಿದೆ.
ಇದನ್ನೂ ಬರೆದುಕೊಳ್ಳಿ, ಯಾಕೆ ನಿಲ್ಲಿಸಿದಿರಿ?
ಗೆರೆ ನಡುಗಲಿಲ್ಲ. ಇಬ್ಬರದೂ.

ಬಲಗೋಡೆಯಲ್ಲಿ ಮಾತ್ರ, ಓಣಿಯ ಕಡೆಗೆ,
ಒಂದು ಗೇಣಿನ ಕಿಂಡಿ.
ಪಕ್ಕದಲ್ಲಿ ಅವರ ಚಿಕ್ಕ ಅಕ್ಷರ: ಗಾಳಿಗೆ.
ಹಳೆಯ ನಕ್ಷೆಯಲ್ಲಿ ಅದಿರಲಿಲ್ಲ.
ನಾನು ಕೇಳಲಿಲ್ಲ, ಅವರೂ ತಲೆಯೆತ್ತಲಿಲ್ಲ.

ಜೂನಿನಲ್ಲಿ ಒಂದು ಕಾಗದ ಕೈಸೇರಿತು, ನಾಲ್ಕು ಸಾಲು.
ರೊಟ್ಟಿ ಸಿಕ್ಕಿತು, ಹೇನು ಬಹಳ, ಅಮ್ಮನಿಗೆ ಹೇಳಬೇಡ.
ನಾಲ್ಕನೆಯದು ಓದಲಾಗಲಿಲ್ಲ.
ಆಮೇಲೆ ಜ್ವರ, ಸುಣ್ಣ, ಸಾಮೂಹಿಕ ಗುಂಡಿ.

ಮರುವರ್ಷ ಇಟ್ಟಿಗೆ ಒಡೆಸಿದರು.
ಕಿಂಡಿ ಮುಚ್ಚುವುದು ಯಾರ ಲೆಕ್ಕಕ್ಕೂ ಬರಲಿಲ್ಲ.
ಮಕ್ಕಳು ಈಗ ಅದರಲ್ಲಿ ಪರೀಕ್ಷೆಯ ಚೀಟಿ ಅಡಗಿಸುತ್ತಾರಂತೆ.

ಇನ್ನೇನು ಹೇಳಲಿ. ಕಾಫಿ ಆರುತ್ತಿದೆ, ಕುಡಿಯಿರಿ.
ಶವಾಗಾರದ ಬಾಗಿಲು ಎರಡಂಗುಲ ಸಾಲದು ಎಂದು
ಅವರು ಕೊನೆಯವರೆಗೂ ಗೊಣಗುತ್ತಿದ್ದರು.
ಸುಳ್ಳು.
ಅವರ ಪೆಟ್ಟಿಗೆಯನ್ನು ಆರು ಜನ ಹೊತ್ತು ಒಳಗೆ ತಂದಾಗ
ನಾನು ಅಲ್ಲೇ ನಿಂತಿದ್ದೆ.
ಯಾರ ಗೆಣ್ಣೂ ಚೌಕಟ್ಟಿಗೆ ತಾಗಲಿಲ್ಲ.