ಎಡದ್ದು ಮೊದಲು

ಗ್ಯುಮ್ರಿಯಲ್ಲಿ ಜನವರಿ. ಹಳೇ ಕಂಟೇನರೇ ನಮ್ಮ ಗ್ಯಾರೇಜು.
ಒಳಗೊಂದು ಒಲೆ, ಅದು ಮೇಸ್ತ್ರಿ ವಾಘರ್ಶನ ಬೆನ್ನಿಗೆ ಮಾತ್ರ.
ನನ್ನ ಬೆನ್ನಿಗೆ ಸಿಮೆಂಟು, ನಡುವೆ ಹರಿದ ಕಂಬಳಿ,
ಮೂಗಿನ ಮೇಲೆ
ಸೂಲಗಿತ್ತಿ ಹೈಕಾನುಶಳ ಲಾಡಾ.

ಎರಡು ಚಳಿಗಾಲದಿಂದ ಸೋರುತ್ತಿತ್ತು ಈ ಗಾಡಿ.
ನಿಂತಲ್ಲೆಲ್ಲ ಹಿಮದ ಮೇಲೊಂದು ಕರಿ ಬೊಟ್ಟು,
ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.
ಊರಿಗೆ ಅದೇ ಸುದ್ದಿಪತ್ರ.
ದರ್ಜಿಯ ಬಾಗಿಲಲ್ಲಿ ಬೊಟ್ಟು ಬಿದ್ದರೆ ಸೊಸೆಗೆ ದಿನ ತುಂಬಿದೆ.
ಒಂದೇ ಬಾಗಿಲಲ್ಲಿ ಮೂರು ಬಿದ್ದರೆ ಹೆರಿಗೆ ತಡ,
ಯಾರಾದರೂ ಸಾರು ಕಾಯಿಸಿ ಒಯ್ಯಬೇಕು.

ಎಲ್ಲಕ್ಕಿಂತ ಅಗಲವಾದ ಕಲೆ ಮಾತ್ರ
ಗಡಿಯಾರ ರಿಪೇರಿಯ ಗರೆಗಿನ್ ಮನೆಯೆದುರು.
ಅವನಿಗೆ ಅರವತ್ತೊಂದು. ಮನೆಯಲ್ಲಿ ಬಸುರಿಯರಿಲ್ಲ, ಬೆಕ್ಕೂ ಇಲ್ಲ.
ಊರು ಅದನ್ನೂ ಓದಿತ್ತು,
ಆ ಒಂದು ಸಾಲನ್ನು ಮಾತ್ರ
ಯಾರೂ ಗಟ್ಟಿಯಾಗಿ ಓದಿರಲಿಲ್ಲ.
ಅಂಗಳ ಕೆಡದಿರಲೆಂದು ಅವನು ಸಂಜೆ ಹೊತ್ತು
ಅಂಚು ಚಕ್ಕೆಯೆದ್ದ ಎನಾಮಲ್ ಬೋಗುಣಿಯೊಂದನ್ನು
ಗಾಡಿಯ ಮೂತಿ ಬರುವ ಜಾಗ ಅಳೆದು ಇಡುತ್ತಿದ್ದ.

"ಎಡದ್ದು ಮೊದಲು, ಶೋಘಿಕ್" ಅಂದ ಮೇಸ್ತ್ರಿ.
"ಎರಡೂ ಒಟ್ಟಿಗೆ ಎಳೆದೀಯೆ!
ಒಳಗಿನ ಹಲ್ಲುಚಕ್ರ ಜಾರಿ ಹೊಟ್ಟೆಯಲ್ಲೇ ಬೀಳುತ್ತೆ.
ಆಮೇಲೆ ಇಡೀ ಪೆಟ್ಟಿಗೆ ಬಿಚ್ಚು, ಕೂತು ಅಳು."

ಎಣ್ಣೆ ಇಳಿಸಿದೆ. ಗಂಧಕದ ನಾತ ಕೂದಲಿಗೇ ಹತ್ತಿತು.
ಬಾಲ್ ಜಾಯಿಂಟಿಗೆ ಎರಡು ಬೋಲ್ಟು: ಒಂದು ಬಂತು,
ಇನ್ನೊಂದಕ್ಕೆ ಬೆಂಕಿ ತೋರಿಸಬೇಕಾಯಿತು, ಜೊತೆಗೆ ಬೈಗುಳ.
ಮೀಟುಗೋಲು ಕೊಟ್ಟು ಜಗ್ಗಿದರೆ ಶಾಫ್ಟು ಕೈಗೆ,
ತುದಿಯಲ್ಲಿ ಜಾಯಿಂಟಿನ ಗುಂಡು. ಅದನ್ನಿಲ್ಲಿ ಗ್ರೆನೇಡು ಅಂತಾರೆ.
ಯುದ್ಧಕ್ಕೆ ಹೋಗಿ ಬಂದ ಮೇಸ್ತ್ರಿ ಮಾತ್ರ
ಆ ಪದ ಆಡುವುದಿಲ್ಲ.
"ಅದನ್ನ ಆ ಕಡೆ ಇಡು" ಅನ್ನುತ್ತಾನೆ.

ಆಗ ಕಂಡೆ ಸೀಲು.
ಇಷ್ಟೇನಾ?
ಬಳೆಯಷ್ಟು ರಬ್ಬರು, ಒಳಗೊಂದು ತುಟಿ,
ತುಟಿಯ ಬೆನ್ನಿಗೆ ಕೂದಲೆಳೆಯ ಸ್ಪ್ರಿಂಗು.
ತುಟಿ ಒಣಗಿ ಬಿರುಕು ಬಿಟ್ಟಿತ್ತು.
ಅಷ್ಟಕ್ಕೇ ಊರೆಲ್ಲ ರಟ್ಟು.

ಗೂಡಿನ ಗೋಡೆಗೆ ಗೀರು ಬೀಳದ ಹಾಗೆ ಮೀಟಿ ತೆಗೆದೆ.
ಹೊಸದರ ಮೇಲೆ ಬಾಣದ ಗುರುತು: ಎಡದ್ದು ಬಲಕ್ಕಾಗದು.
ಗ್ರೀಸು ಸವರಿ, ನೆಟ್ಟಗೆ ಹಿಡಿದು,
ದಪ್ಪ ಸಾಕೆಟ್ಟು ಇಟ್ಟು ಸುತ್ತಲೂ ಸಣ್ಣಗೆ ಬಡಿದೆ.
"ಒಂದೇ ಕಡೆ ಹೊಡೀಬೇಡ. ಸೊಟ್ಟ ಕೂತ ತುಟಿ ಚಾಡಿ ಹೇಳುತ್ತೆ."
ಶಾಫ್ಟು ಒಳಗೆ.
ಟಕ್.
ಬಲದ್ದೂ ಹಾಗೇ, ಬೈಗುಳ ಎರಡು ಕಡಿಮೆ.

ಕತ್ತಲಾದ ಮೇಲೆ ಹೈಕಾನುಶ್ ಬಂದಳು,
ದುಡ್ಡು ಕೊಟ್ಟಳು, ಒಂದು ಬಾಟಲಿ ಜೇನೂ ಕೊಟ್ಟಳು.
ಬಗ್ಗಿ ಗಾಡಿಯಡಿ ನೋಡಿದಳು.
"ಇನ್ನು ಸೋರಲ್ಲವಾ?"
"ತುಟಿ ಪಿಟಕ್ಕೆನ್ನಲ್ಲ" ಅಂದ ವಾಘರ್ಶ್, ಒಲೆಯತ್ತಲೇ ತಿರುಗಿ.
ಕೈಗವಸು ಹಾಕಿಕೊಳ್ಳಲು
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಗೊಂಡಳು ಅವಳು.

ವಾರದೊಳಗೆ ಊರು ಕುರುಡಾಯಿತು.
ಬೇಕರಿಯ ಸಿರಾನುಶ್ ನನ್ನನ್ನೇ ತರಾಟೆಗೆ ತಗೊಂಡಳು:
"ದರ್ಜಿ ಮನೆಯಲ್ಲಿ ಅವಳಿ ಹುಟ್ಟಿದ್ದು
ಕೇಕು ಹೇಳಲು ಬಂದಾಗಲೇ ನನಗೆ ಗೊತ್ತು!
ಏನು ಮಾಡಿಟ್ಟೆ ಆ ಗಾಡಿಗೆ?"

ನಿನ್ನೆ ಬೆಳಿಗ್ಗೆ ಗರೆಗಿನ್ ಮನೆ ದಾಟಿ ಬಂದೆ.
ಹಿಮದಲ್ಲಿ ಗಾಲಿಯ ಎರಡು ಗೆರೆ ಬಂದು ನಿಂತು
ಹಿಂದಕ್ಕೆ ಹೋಗಿದ್ದವು.
ನಡುವೆ ಬೋಗುಣಿ,
ಉಜ್ಜಿ ತೊಳೆದಿಟ್ಟದ್ದು.
ತಳದಲ್ಲೊಂದು ನೀಲಿ ಹೂವಿದೆಯೆಂದು
ಎರಡು ಚಳಿಗಾಲದಲ್ಲಿ
ಯಾರಿಗೂ ಗೊತ್ತಿರಲಿಲ್ಲ.